ನೆಲ ಮುಟ್ಟದ ಕಟ್ಟಿಗೆ

1864 ನಮ್ಮ ಕಾಡುಗಳ ಮಟ್ಟಿಗೆ ಒಂದು ವಿಚಿತ್ರ ವರ್ಷ. ಆ ವರ್ಷ ಜೋಲಾರಪೇಟೆ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆಯೂ ಶುರುವಾಯ್ತು. ಒಂದು ಮರ ತಿನ್ನೋಕೆ ಬಂದದ್ದು, ಇನ್ನೊಂದು ಮರ ಎಣಿಸೋಕೆ ಬಂದದ್ದು. ಎರಡೂ ಒಂದೇ ವರ್ಷ ಬಂದದ್ದು ಕಾಕತಾಳೀಯ ಇರಬಹುದು, ಆದರೆ ಆಮೇಲೆ ಇವೆರಡರ ಕಥೆ ಒಂದನ್ನೊಂದು ಬಿಟ್ಟು ನಡೆಯಲಿಲ್ಲ.

ಈ ಕಥೆಯನ್ನು ಓದುವಾಗ ನನಗೆ ಪ್ರತಿಸಲ ನೆನಪಾಗೋದು ರೈಲೂ ಅಲ್ಲ, ಇಲಾಖೆಯೂ ಅಲ್ಲ. ಸಾಗರದ ಹತ್ತಿರದ ನಮ್ಮ ಹಳ್ಳಿಮನೆಯ ಹಿಂದೆ, ಕಟ್ಟಿಗೆ ಕೊಟ್ಟಿಗೆಯಲ್ಲಿ, ರಾಶಿಯ ಅಡಿಗೆ ಇಟ್ಟಿರುತ್ತಿದ್ದ ಕಲ್ಲುಗಳು. ಎರಡು ಸಾಲು ಜಂಬಿಟ್ಟಿಗೆ ಕಲ್ಲು, ಅದರ ಮೇಲೆ ಅಡ್ಡಕ್ಕೆ ಅಡಿಕೆ ದಬ್ಬೆ, ಅದರ ಮೇಲೆ ಕಟ್ಟಿಗೆ. ನೆಲಕ್ಕೂ ಕಟ್ಟಿಗೆಗೂ ನಡುವೆ ಕೋಳಿಮರಿ ನುಸುಳುವಷ್ಟು ಜಾಗ. ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿ ಹೈದರನ ಕೋಟೆ ಇತ್ತು, ಟಿಪ್ಪುವಿನ ರಾಕೆಟ್ ಇತ್ತು, ವಿಶ್ವೇಶ್ವರಯ್ಯನವರ ಅಣೆಕಟ್ಟು ಇತ್ತು. ಈ ಕಲ್ಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಆದರೆ ನೂರಾರು ವರ್ಷ ಈ ನಾಡಿನ ಮಳೆಗಾಲದ ಅಡುಗೆ ನಿಂತದ್ದು ಇಂಥ ಕಲ್ಲುಗಳ ಮೇಲೆ.

ಇದು ಅತಿಶಯೋಕ್ತಿ ಅನ್ನಿಸಿದರೆ ಸ್ವಲ್ಪ ಲೆಕ್ಕ ಮಾಡೋಣ.

ಮರದೊಳಗಿನ ನೀರು

ಆಗಷ್ಟೇ ಕಡಿದ ಹಸಿ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ನೀರೇ ಇರುತ್ತದೆ. ಒಲೆಗೆ ಹಾಕಿದಾಗ ಮೊದಲು ಆ ನೀರು ಆವಿಯಾಗಬೇಕು, ಆಮೇಲೆ ಮರ ಉರಿಯಬೇಕು. ಒಂದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರೋಕೆ ಎಷ್ಟು ಶಾಖ ಬೇಕೋ, ಅದರ ಸುಮಾರು 7 ಪಟ್ಟು ಶಾಖ ಅದನ್ನು ಪೂರ್ತಿ ಆವಿ ಮಾಡೋಕೆ ಬೇಕು. ಒಂದು ಕಿಲೋ ಹಸಿ ಮರದಿಂದ ಸಿಗುವ ಶಾಖ ಸುಮಾರು 8 ಮೆಗಾಜೂಲ್. ಚೆನ್ನಾಗಿ ಒಣಗಿ ಶೇ 20ರಷ್ಟು ಮಾತ್ರ ತೇವ ಉಳಿದ ಒಂದು ಕಿಲೋದಿಂದ ಸುಮಾರು 14.

ಆದರೆ ಈ ಲೆಕ್ಕದಲ್ಲಿ ಒಂದು ಮೋಸ ಇದೆ. ಒಂದೇ ಮರವನ್ನು ಹಸಿಯಾಗಿ ಉರಿಸಿದರೂ ಒಣಗಿಸಿ ಉರಿಸಿದರೂ, ನೀರನ್ನು ಆವಿ ಮಾಡೋದಕ್ಕೆ ಅಂತಲೇ ಕಳೆದುಹೋಗುವ ಶಾಖ ಹತ್ತರಲ್ಲಿ ಒಂದು ಪಾಲು ಮಾತ್ರ. ಹಾಗಾದರೆ ಹಸಿ ಕಟ್ಟಿಗೆ ಅಂದ್ರೆ ಯಾಕಷ್ಟು ಗೋಳು? ಯಾಕಂದ್ರೆ ಆವಿಯಾಗ್ತಿರೋ ನೀರು ಬೆಂಕಿಯನ್ನು ತಣ್ಣಗೆ ಮಾಡುತ್ತದೆ. ಮರದಿಂದ ಹೊರಬರುವ ಅನಿಲಗಳು ಹೊತ್ತಿಕೊಳ್ಳುವಷ್ಟು ಬಿಸಿ ಅಲ್ಲಿರುವುದಿಲ್ಲ. ಹೊತ್ತಿಕೊಳ್ಳದ ಆ ಅನಿಲವೇ ಹೊಗೆ. ಹೊಗೆ ಅಂದ್ರೆ ಉರಿಯದೆ ಹೋದ ಕಟ್ಟಿಗೆ. ನಾವು ಹೊತ್ತು ತಂದು, ಸೀಳಿ, ಒಟ್ಟಿ, ಕೊನೆಗೆ ಕಣ್ಣಿಗೂ ಶ್ವಾಸಕೋಶಕ್ಕೂ ಕೊಟ್ಟದ್ದು.

ಇನ್ನು ನೆಲದ ವಿಷಯ. ಮಣ್ಣಿನಲ್ಲಿ ತೇವ ಇದ್ದೇ ಇರುತ್ತದೆ. ಮರ ಅಂದರೆ ಉದ್ದುದ್ದ ಸಣ್ಣ ಕೊಳವೆಗಳ ಕಟ್ಟು. ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಸಾಗಿಸಿದ ಕೊಳವೆಗಳೇ ಅವು. ಕಡಿದ ಮೇಲೂ ಒದ್ದೆ ಮಣ್ಣಿಗೆ ತಾಗಿಸಿಟ್ಟರೆ ನೀರನ್ನು ಹೀರುತ್ತಲೇ ಇರುತ್ತವೆ. ತೇವ ಶೇ 20ರಿಂದ ಸಾಕಷ್ಟು ಮೇಲೆ ಹೋದರೆ ಬೂಷ್ಟು, ಅಣಬೆ ಜಾತಿಯ ಜೀವಿಗಳು ಹತ್ತಿಕೊಂಡು ಕಟ್ಟಿಗೆ ಲಡ್ಡು ಹಿಡಿಯುತ್ತದೆ. ಲಡ್ಡು ಹಿಡಿದ ಕಟ್ಟಿಗೆ ಆಮೇಲೆ ಒಣಗಿದರೂ ಹತ್ತಿಯ ಹಾಗೆ ಹಗುರ, ಒಲೆಗಿಟ್ಟರೆ ಉರಿ ನಿಲ್ಲುವುದಿಲ್ಲ. ಅದರಲ್ಲಿ ಶಾಖ ಕೊಡಬೇಕಾದ್ದನ್ನು ಅಣಬೆ ಆಗಲೇ ತಿಂದು ಮುಗಿಸಿರುತ್ತದೆ.

ಮತ್ತೆ ಗೆದ್ದಲು, ನಮ್ಮ ಕಡೆ ಒರಲೆ ಅಂತೀವಿ. ನೆಲದೊಳಗಿಂದ ಬರುವ ಗೆದ್ದಲು ಬಿಸಿಲಿಗೆ ಬರುವುದಿಲ್ಲ, ಮಣ್ಣಿನ ಸುರಂಗ ಕಟ್ಟಿಕೊಂಡೇ ಹತ್ತುತ್ತದೆ. ಕಟ್ಟಿಗೆ ನೆಲಕ್ಕೇ ಕೂತಿದ್ದರೆ ಸುರಂಗ ಕಾಣುವುದೇ ಇಲ್ಲ, ರಾಶಿ ತೆಗೆದಾಗ ಕೆಳಗಿನ ಎರಡು ಸಾಲು ಪುಡಿ. ಕಲ್ಲಿನ ಮೇಲಿದ್ದರೆ ಕಲ್ಲಿನ ಮೈಮೇಲೆ ಕೆಂಪು ಗೆರೆ ಎದ್ದು ಕಾಣುತ್ತದೆ, ಕಾಲಲ್ಲಿ ಉಜ್ಜಿದರೆ ಆಯ್ತು. ಕಲ್ಲು ಗೆದ್ದಲನ್ನು ತಡೆಯುವುದಿಲ್ಲ, ಅದರ ಬರವನ್ನು ತೋರಿಸಿಕೊಡುತ್ತದೆ. ನಮ್ಮ ಆಫೀಸಿನ ಸರ್ವರ್‌ಗಳಿಗೆ ಮಾನಿಟರಿಂಗ್ ಅಂತ ನಾವು ಏನು ಮಾಡ್ತೀವೋ, ಅದೇ ಕೆಲಸ.

ಮೂರನೆಯದು ಗಾಳಿ. ಅಡಿಯಲ್ಲಿ ಜಾಗ ಇದ್ದರೆ ರಾಶಿಯೊಳಗಿನ ತಣ್ಣನೆಯ ಒದ್ದೆ ಗಾಳಿ ಕೆಳಗೆ ಇಳಿದು ಹೊರಗೆ ಹೋಗುತ್ತದೆ, ಒಣಗಾಳಿ ಒಳಗೆ ಬರುತ್ತದೆ. ನಾಟಾ ಒಣಗಿಸುವ ಡಿಪೋಗಳಲ್ಲಿ ಇವತ್ತಿಗೂ ಹಲಗೆಗಳನ್ನು ಗಿಡ್ಡ ಕಂಬಗಳ ಮೇಲೆ, ನಡುನಡುವೆ ಅಡ್ಡಪಟ್ಟಿ ಕೊಟ್ಟು ಒಟ್ಟುವುದು ಇದೇ ಕಾರಣಕ್ಕೆ. 1906ರಲ್ಲಿ ಡೆಹ್ರಾಡೂನಿನಲ್ಲಿ ಶುರುವಾದ ಅರಣ್ಯ ಸಂಶೋಧನಾ ಸಂಸ್ಥೆ ಮರ ಒಣಗಿಸುವುದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿತು. ಹಳ್ಳಿಮನೆಯ ಹೆಂಗಸರು ಅದನ್ನು ಶಾಸ್ತ್ರ ಅನ್ನದೆ ಮಾಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಮೃಗಶಿರದ ಗಡುವು

ಮಲೆನಾಡಿನಲ್ಲಿ ಕಟ್ಟಿಗೆಗೆ ಒಂದು ಡೆಡ್‌ಲೈನ್ ಇತ್ತು. ಶಿವರಾತ್ರಿ ಕಳೆದ ಮೇಲೆ ಶುರುವಾದ ಕೆಲಸ ಮೃಗಶಿರ ಮಳೆ ಹಿಡಿಯುವುದರೊಳಗೆ, ಅಂದರೆ ಜೂನ್ ಮೊದಲ ವಾರದೊಳಗೆ, ಮುಗಿಯಬೇಕು. ಆಮೇಲೆ ಮೂರು ನಾಲ್ಕು ತಿಂಗಳು ಬಿಸಿಲಿನ ಮುಖ ಕಾಣುವುದೇ ಅಪರೂಪ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಂಗಳೂರಿನಲ್ಲಿ ಬೀಳುವುದು 1,000 ಚಿಲ್ಲರೆ.

ಇಂಥ ಮಳೆಯಲ್ಲಿ ಮಾಡು ಇದ್ದರೆ ಸಾಕು ಅನ್ನುವ ಹಾಗಿಲ್ಲ. ಮರ ಸುತ್ತಲಿನ ಗಾಳಿಯ ಜೊತೆ ಸದಾ ಕೊಡುಕೊಳ್ಳುವ ವ್ಯವಹಾರ ನಡೆಸುತ್ತಿರುತ್ತದೆ. ಗಾಳಿಯ ಆರ್ದ್ರತೆ ಶೇ 90 ಮುಟ್ಟಿದರೆ, ಬೇಸಿಗೆಯಲ್ಲಿ ಗರಿಗರಿ ಒಣಗಿದ್ದ ಕಟ್ಟಿಗೆಯೂ ಮಾಡಿನ ಕೆಳಗೇ ನಿಧಾನವಾಗಿ ಶೇ 20ರ ಹತ್ತಿರಕ್ಕೆ ವಾಪಸ್ ಬರುತ್ತದೆ. ಅಂದರೆ ಸರಿಯಾಗಿ ಒಟ್ಟಿದ ಕಟ್ಟಿಗೆಯೇ ಆಟಿಯ ಹೊತ್ತಿಗೆ ಗಡಿಯ ಮೇಲೆ ನಿಂತಿರುತ್ತದೆ. ಅಂಥದ್ದರಲ್ಲಿ ನೆಲದಿಂದ ಇನ್ನೊಂದಿಷ್ಟು ತೇವ ಹತ್ತಿದರೆ ಮುಗೀತು ಕಥೆ.

ಅದಕ್ಕೇ ಹಳೆಯ ಮನೆಗಳಲ್ಲಿ ಎರಡು ಹಂತದ ವ್ಯವಸ್ಥೆ ಇರ್ತಿತ್ತು. ದೊಡ್ಡ ದಾಸ್ತಾನು ಕೊಟ್ಟಿಗೆಯಲ್ಲಿ, ಕಲ್ಲಿನ ಮೇಲೆ. ನಾಳೆ ನಾಡಿದ್ದು ಬೇಕಾಗುವ ಕಟ್ಟಿಗೆ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಇಲ್ಲವೇ ಬಚ್ಚಲ ಒಲೆಯ ಪಕ್ಕದಲ್ಲಿ. ಇವತ್ತಿನ ಬೆಂಕಿ ನಾಳೆಯ ಕಟ್ಟಿಗೆಯನ್ನು ಒಣಗಿಸುತ್ತಿತ್ತು. ಮೊದಲು ಬಂದದ್ದು ಮೊದಲು ಖರ್ಚು ಅನ್ನುವ ನಿಯಮ, ಪ್ರತಿ ದಾಸ್ತಾನಿಗೂ ಅದರದೇ ಜಾಗ: ಪುಳ್ಳೆ ಒಂದು ಕಡೆ, ಸೀಳಿದ್ದು ಒಂದು ಕಡೆ, ಹಂಡೆಯ ಒಲೆಗೆ ಹಾಕುವ ದೊಡ್ಡ ಕುಂಟೆಗಳು ಇನ್ನೊಂದು ಕಡೆ.

ನಮ್ಮ ಅಜ್ಜಿ ಯಾರ ಮನೆಗೆ ಹೋದರೂ ಹಿತ್ತಿಲ ಕಡೆ ಒಂದು ಸುತ್ತು ಹಾಕಿ ಬರುತ್ತಿದ್ದರು. ಬಂದವರೇ ಮೆಲ್ಲಗೆ, "ಪಾಪ, ಆ ಮನೆ ಸೊಸೆಗೆ ಈ ಮಳೆಗಾಲ ಕಷ್ಟ ಇದೆ" ಅನ್ನೋರು. ಕಟ್ಟಿಗೆ ನೆಲಕ್ಕೆ ಒಟ್ಟಿದ್ದನ್ನು ನೋಡಿರೋರು. ಗಮನಿಸಿ, ಅವರು ಆ ಮನೆಯ ಯಜಮಾನನಿಗೆ ಕಷ್ಟ ಅನ್ನಲಿಲ್ಲ. ಕಡಿದು ತರುವುದು ಗಂಡಸರ ಕೆಲಸ ಆಗಿರಬಹುದು, ಒಟ್ಟುವಾಗ ಆಳುಕಾಳು ಇರಬಹುದು. ಆದರೆ ಆಗಸ್ಟಿನ ಬೆಳಿಗ್ಗೆ ಐದು ಗಂಟೆಗೆ ಊದುಗೊಳವೆ ಹಿಡಿದು ಬಗ್ಗಿ, ಕಣ್ಣಲ್ಲಿ ನೀರು ಸುರಿಸಿಕೊಂಡು ಬೆಂಕಿ ಮಾಡುವವರು ಒಬ್ಬರೇ. ಮೇ ತಿಂಗಳಲ್ಲಿ ಯಾರೋ ಕಲ್ಲು ಇಡದೆ ಉಳಿಸಿದ ಹತ್ತು ನಿಮಿಷಕ್ಕೆ ಬಡ್ಡಿ ಕಟ್ಟುವವರು ಅವರು.

ಕಟ್ಟಿಗೆಗೆ ಕಾನೂನು ಬಂತು

ಈಗ ಮತ್ತೆ ರೈಲಿಗೆ ಬರೋಣ. ಕಲ್ಲಿದ್ದಲ ಗಣಿಗಳಿದ್ದದ್ದು ದೂರದ ಬಂಗಾಳದಲ್ಲಿ. ಇಂಗ್ಲೆಂಡಿನಿಂದ ತರಿಸಿದರೆ ದುಬಾರಿ. ಹಾಗಾಗಿ ದಕ್ಷಿಣದ ರೈಲುಗಳು ಮೊದಮೊದಲ ದಶಕಗಳಲ್ಲಿ ಹೆಚ್ಚಾಗಿ ಸೌದೆ ಉರಿಸಿಕೊಂಡೇ ಓಡಿದವು. ಹಳಿಯ ಪಕ್ಕ ಸೌದೆಯ ದೊಡ್ಡ ದೊಡ್ಡ ರಾಶಿಗಳು ಎದ್ದವು. ಹಳಿಯ ಕೆಳಗಿನ ಸ್ಲೀಪರ್‌ಗಳಿಗೂ ಮರವೇ ಬೇಕು.

1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಹ್ಯೂ ಕ್ಲೆಗಾರ್ನ್ ಅನ್ನುವ ಸ್ಕಾಟಿಷ್ ವೈದ್ಯರೊಬ್ಬರು ಕೆಲಸಕ್ಕಿದ್ದರು. ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡಿ, ಸ್ಥಳೀಯ ಕಲಾವಿದರಿಂದ ಅದರ ಚಿತ್ರ ಬರೆಸುತ್ತಿದ್ದ ಮನುಷ್ಯ. ಅವರೇ 1856ರಲ್ಲಿ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ ಆದರು. ಅವರ ಮುಂದಿದ್ದ ದೊಡ್ಡ ತಲೆನೋವುಗಳಲ್ಲಿ ಒಂದು, ರೈಲಿಗೆ ಬೇಕಾದ ಮರ, ಸೌದೆ ಎಲ್ಲಿಂದ ಬರಬೇಕು ಅನ್ನೋದು. ಕಾಡು ಮುಗಿದು ಹೋಗುವ ವಸ್ತು ಅನ್ನೋದು ಸರ್ಕಾರಕ್ಕೆ ಹೊಳೆದದ್ದೇ ಈ ಹೊಸ ಹಸಿವಿನಿಂದ. ಸೌದೆಗೆ ಅಂತಲೇ ಬೇಗ ಬೆಳೆಯುವ ಸರ್ವೆ ತೋಪುಗಳು ಬಂದದ್ದೂ ಆ ಕಾಲದಲ್ಲೇ.

ಆದರೆ ಹೊಸ ಹಸಿವಿಗೆ ಬಂದ ಕಾನೂನು ಹಳೆಯ ಹಸಿವಿಗೂ ಅನ್ವಯವಾಯ್ತು. 1878ರ ಅರಣ್ಯ ಕಾಯ್ದೆಯ ನಂತರ ಕಾದಿಟ್ಟ ಕಾಡು ಅಂತ ಗೆರೆ ಬಿತ್ತು. ಉತ್ತರ ಕನ್ನಡದಲ್ಲಿ ಅಡಿಕೆ ತೋಟದವರಿಗೆ ಸೊಪ್ಪಿನಬೆಟ್ಟ ಸಿಕ್ಕಿತು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ, ಅಲ್ಲಿ ಸೊಪ್ಪು, ತರಗೆಲೆ, ಮನೆಬಳಕೆಯ ಕಟ್ಟಿಗೆ. ತೋಟ ಇದ್ದವರಿಗೆ ಬೆಟ್ಟ. ತೋಟ ಇಲ್ಲದವರಿಗೆ? ಅವರಿಗೆ ಉಳಿದದ್ದು ತಲೆಹೊರೆ, ಅದೂ ಒಣಗಿ ಬಿದ್ದ ಕಟ್ಟಿಗೆ ಮಾತ್ರ, ಅದೂ ಗಾರ್ಡಿನ ಮರ್ಜಿಯ ಮೇಲೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಬಿದ್ದ ಕಟ್ಟಿಗೆ ಅಂದರೆ ಕಾಡಿನಲ್ಲಿ ಆಗಲೇ ನೆಲಕ್ಕೆ ತಾಗಿಕೊಂಡು ಎಷ್ಟೋ ಕಾಲ ಇದ್ದ ಕಟ್ಟಿಗೆ. ಅರ್ಧ ಒದ್ದೆ, ಅರ್ಧ ಲಡ್ಡು, ಗೆದ್ದಲಿನ ಸಂಸಾರ ಸಮೇತ. ಬೆಟ್ಟ ಇದ್ದವರು ನಿಂತ ಮರದ ಗಟ್ಟಿ ಕೊಂಬೆ ಕಡಿದು, ಸೀಳಿ, ಬಿಸಿಲಿಗೆ ಹಾಕಿ, ಎರಡು ಲಾರಿಯಷ್ಟು ಒಟ್ಟಿಕೊಳ್ಳಬಹುದಿತ್ತು. ಹೊರೆ ತರುವವರಿಗೆ ಒಟ್ಟುವಷ್ಟು ದಾಸ್ತಾನೂ ಇಲ್ಲ, ಒಟ್ಟಲು ಕೊಟ್ಟಿಗೆಯೂ ಇಲ್ಲ. ಒಣ ಕಟ್ಟಿಗೆ ಅನ್ನುವುದು ಜಾಣ್ಮೆಯ ವಿಷಯ ಅಂತ ನಾವು ಹೇಳೋದು ಸುಲಭ. ಅದು ಜಾಗದ ವಿಷಯವೂ ಹೌದು. ಒಂದು ವರ್ಷದ ಬೆಂಕಿಯನ್ನು ಮುಂಚಿತವಾಗಿ ಕೂಡಿಡುವಷ್ಟು ಮಾಡು ಯಾರಿಗಿತ್ತು ಅನ್ನುವ ವಿಷಯ.

1930ರ ಕಾಯ್ದೆಭಂಗ ಚಳವಳಿಯಲ್ಲಿ ಶಿರಸಿ, ಸಿದ್ದಾಪುರ ಸೀಮೆಯ ಜನ ಜಂಗಲ್ ಸತ್ಯಾಗ್ರಹಕ್ಕೆ ಇಳಿದದ್ದು, ಕೊಡಲಿ ಹಿಡಿದು ಕಾಡಿಗೆ ಹೋಗಿ ಜೈಲು ಸೇರಿದ್ದು, ಈ ಹಿನ್ನೆಲೆಯಲ್ಲಿ ನೋಡಿದರೆ ಅರ್ಥವಾಗುತ್ತದೆ. ಉಪ್ಪಿನ ಹಾಗೆಯೇ ಕಟ್ಟಿಗೆಯೂ ದಿನಾ ಬೇಕಾದದ್ದು. ಐವತ್ತಮೂರು ವರ್ಷಗಳ ನಂತರ, 1983ರ ಸೆಪ್ಟೆಂಬರಿನಲ್ಲಿ, ಅದೇ ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿಯುವುದನ್ನು ತಡೆದರು. ಒಮ್ಮೆ ಕಡಿಯುವ ಹಕ್ಕಿಗೆ, ಇನ್ನೊಮ್ಮೆ ಕಡಿಯದಿರುವ ಹಕ್ಕಿಗೆ. ಎರಡು ಸಲವೂ ಪ್ರಶ್ನೆ ಒಂದೇ: ಈ ಕಾಡು ಯಾರ ಒಲೆಗೆ?

ತೂಕಕ್ಕೆ ಕೊಂಡ ನೀರು

ಪೇಟೆಯಲ್ಲಿ ಕಥೆ ಬೇರೆ. ಬೆಂಗಳೂರು, ಮೈಸೂರಿನಲ್ಲಿ ಬೆಳೆದ ಐವತ್ತು ದಾಟಿದ ಯಾರನ್ನಾದರೂ ಕೇಳಿ, ಸೌದೆ ಡಿಪೋ ನೆನಪಿರುತ್ತದೆ. ದೊಡ್ಡ ತಕ್ಕಡಿ, ಒಂದು ಕಡೆ ಕಬ್ಬಿಣದ ಬೊಟ್ಟು, ಇನ್ನೊಂದು ಕಡೆ ಸೌದೆ. ಮಣದ ಲೆಕ್ಕ.

ತೂಕದಲ್ಲಿ ಮಾರುವ ಸೌದೆಯಲ್ಲಿ ಒಂದು ಸಣ್ಣ ಗಣಿತ ಅಡಗಿದೆ. 100 ಕಿಲೋ ಹಸಿ ಸೌದೆಯಲ್ಲಿ 50 ಕಿಲೋ ನೀರು. ಅದನ್ನೇ ಶೇ 20ರ ತೇವಕ್ಕೆ ಒಣಗಿಸಿದರೆ ತೂಗುವುದು 62.5 ಕಿಲೋ. ಮಾರುವವನು ತಾಳ್ಮೆಯಿಂದ ಎತ್ತರಿಸಿ ಒಟ್ಟಿ, ಒಣಗಿಸಿ, ಒಳ್ಳೆಯ ಸೌದೆ ಕೊಟ್ಟರೆ ಅದೇ ಮರಕ್ಕೆ ಅವನಿಗೆ ಸಿಗುವ ದುಡ್ಡು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆ. ಅಂದರೆ ತಕ್ಕಡಿಯೇ ಒಣ ಸೌದೆಯ ವಿರುದ್ಧ ಇತ್ತು. ಪ್ರಾಮಾಣಿಕ ಮಾರಾಟಗಾರ ಇರಲಿಲ್ಲ ಅಂತಲ್ಲ, ವ್ಯವಸ್ಥೆ ಅವನನ್ನು ಬೆಂಬಲಿಸುತ್ತಿರಲಿಲ್ಲ.

ಇದಕ್ಕೆ ಇನ್ನೊಂದು ದಾರಿ ಅಳತೆ. ಫ್ರಾನ್ಸ್ 1795ರಲ್ಲಿ ಮೆಟ್ರಿಕ್ ಪದ್ಧತಿಯ ಕಾನೂನು ಮಾಡಿದಾಗ ಮೀಟರ್, ಲೀಟರ್, ಗ್ರಾಂ ಜೊತೆಗೆ 'ಸ್ತೇರ್' ಅನ್ನುವ ಮಾನವನ್ನೂ ಸೇರಿಸಿತು. ಒಂದು ಘನ ಮೀಟರ್, ಅದೂ ಸೌದೆ ಅಳೆಯೋಕೆ ಅಂತಲೇ. ಜಗತ್ತಿನ ಅಳತೆಯನ್ನೇ ಹೊಸದಾಗಿ ಕಟ್ಟಲು ಹೊರಟ ಕ್ರಾಂತಿಕಾರಿಗಳಿಗೆ ಸೌದೆ ರಾಶಿ ಅಷ್ಟು ಮುಖ್ಯ ಅನ್ನಿಸಿತ್ತು. ರಾಶಿಯ ಗಾತ್ರಕ್ಕೆ ದುಡ್ಡು ಅಂದಾಗ ನೀರಿಗೆ ಬೆಲೆ ಇರುವುದಿಲ್ಲ.

ಭದ್ರಾವತಿಯ ಒಲೆ

ನಮ್ಮ ರಾಜ್ಯದ ಅತಿ ದೊಡ್ಡ ಕಟ್ಟಿಗೆ ಒಲೆ ಯಾವುದು ಅಂತ ಕೇಳಿದರೆ ನಾನು ಭದ್ರಾವತಿ ಅನ್ನುತ್ತೇನೆ. 1923ರ ಜನವರಿಯಲ್ಲಿ ಅಲ್ಲಿ ಕಬ್ಬಿಣ ಕರಗಲು ಶುರುವಾದಾಗ ಕುಲುಮೆಗೆ ಹಾಕಿದ್ದು ಕಲ್ಲಿದ್ದಲಲ್ಲ, ಮರದ ಇದ್ದಿಲು. ಅದಿರು ಕೆಮ್ಮಣ್ಣುಗುಂಡಿಯಿಂದ, ಮರ ಸುತ್ತಲಿನ ಮಲೆನಾಡಿನ ಕಾಡುಗಳಿಂದ. ಮರವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಹೊರಬರುವ ಆವಿಯಿಂದ ಮೆಥನಾಲ್, ಅಸಿಟೇಟ್, ಟಾರು ಕೂಡ ತೆಗೆಯುತ್ತಿದ್ದರು. ಅಜ್ಜಿಯ ಒಲೆಯಲ್ಲಿ ಹೊಗೆಯಾಗಿ ಹೋಗುತ್ತಿದ್ದದ್ದು ಇಲ್ಲಿ ಸರಕು.

ಅಲ್ಲಿಯೂ ಶತ್ರು ನೀರೇ. ಹಸಿ ಮರ ಹಾಕಿದರೆ ಅದನ್ನು ಒಣಗಿಸಲು ಮತ್ತಷ್ಟು ಉರುವಲು ಸುಡಬೇಕು, ಸಿಗುವ ದ್ರಾವಣವೂ ತೆಳು. ಕಾರ್ಖಾನೆ ಆಗಲಿ ಅಡುಗೆಮನೆ ಆಗಲಿ, ಮರದ ಬೆಂಕಿಯ ಗುಣ ನಿರ್ಧಾರವಾಗುವುದು ಬೆಂಕಿ ಹಚ್ಚುವ ಎಷ್ಟೋ ತಿಂಗಳು ಮೊದಲು.

ಪುರದಲ್ಲಿ ಎಣಿಸಿದವರು

ಒಲೆಯ ಮುಂದೆ ಕೂತವರ ಲೆಕ್ಕವನ್ನು ಯಾರಾದರೂ ಇಟ್ಟರೇ? ಇಟ್ಟರು, ತಡವಾಗಿ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಅನ್ನುವ ಕೇಂದ್ರ ಶುರು ಮಾಡಿದರು. ಅವರ ತಂಡ 1970ರ ದಶಕದ ಕೊನೆಯಲ್ಲಿ ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಪುಟ್ಟ ಊರಿನಲ್ಲಿ ಕೂತು, ಮನೆಮನೆಯ ಶಕ್ತಿಯ ಲೆಕ್ಕ ಬರೆಯಿತು. ಊರು ಬಳಸುವ ಶಕ್ತಿಯಲ್ಲಿ ಶೇ 90ರ ಆಸುಪಾಸು ಸೌದೆಯದ್ದು. ವಿದ್ಯುತ್ತಿನ ಪಾಲು ಶೇ 1ಕ್ಕಿಂತ ಕಡಿಮೆ. ಸೌದೆ ಆಯಲು ಒಂದೊಂದು ಮನೆಯವರೂ ದಿನಕ್ಕೆ ಸುಮಾರು 2.6 ಗಂಟೆ, 4.8 ಕಿಲೋಮೀಟರ್ ನಡೆಯುತ್ತಿದ್ದರು. ಹೆಚ್ಚಿನ ಭಾರ ಹೆಂಗಸರು, ಮಕ್ಕಳ ಮೇಲೆ.

ನಾವು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕಳೆಯುವ ಹೊತ್ತಿನ ಬಗ್ಗೆ ಎಷ್ಟು ಗೊಣಗುತ್ತೇವೆ! ಇದು ಅಷ್ಟೇ ಹೊತ್ತು, ತಲೆಯ ಮೇಲೆ ಹೊರೆ ಇಟ್ಟುಕೊಂಡು.

ಆ ಕೆಲಸದ ಒಂದು ಫಲ ಅಸ್ತ್ರ ಒಲೆ. ಮೂರು ಪಾತ್ರೆ ಕೂರಿಸಬಹುದಾದ, ಚಿಮಣಿ ಇರುವ ಮಣ್ಣಿನ ಒಲೆ. ಕಡಿಮೆ ಸೌದೆ, ಕಡಿಮೆ ಹೊಗೆ. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಅದು ಬಂತು, ನಮ್ಮೂರಿಗೂ ಬಂತು. ನಮ್ಮ ಅಮ್ಮ ಅದನ್ನು ಈಗಲೂ ಹೊಗಳುತ್ತಾರೆ. ಆದರೆ ಜೊತೆಗೇ ಒಂದು ಮಾತು ಸೇರಿಸುತ್ತಾರೆ: "ಒಲೆ ಎಷ್ಟೇ ಚೆನ್ನಾಗಿರಲಿ, ಕಟ್ಟಿಗೆ ಒದ್ದೆ ಇದ್ರೆ ಅದೇನು ಮಾಡುತ್ತೆ?"

ಈಗ

ಹಳೆಯದೆಲ್ಲ ಚಂದ ಅನ್ನೋಕೆ ನಾನು ಇದನ್ನು ಬರೆಯುತ್ತಿಲ್ಲ. ಸಿಲಿಂಡರ್ ಬಂದದ್ದು ನಮ್ಮ ಮನೆಯ ಹೆಂಗಸರ ಪಾಲಿಗೆ ಯಾವ ಸ್ವಾತಂತ್ರ್ಯಕ್ಕೂ ಕಡಿಮೆ ಅಲ್ಲ. ಅಜ್ಜಿಯ ಕೆಮ್ಮು ಸಿಲಿಂಡರ್ ಬರುವ ಮೊದಲೇ ಶುರುವಾಗಿತ್ತು, ಅವರು ಇರುವ ತನಕ ಹೋಗಲಿಲ್ಲ. ಚೆನ್ನಾಗಿ ಒಣಗಿದ ಕಟ್ಟಿಗೆಯ ಹೊಗೆ ಕಡಿಮೆ ಇರಬಹುದು, ಒಳ್ಳೆಯದೇನಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಆದರೆ ಕಟ್ಟಿಗೆಯ ಕಾಲ ಮುಗೀತು ಅಂತ ನಾವು ಬೆಂಗಳೂರಿನಲ್ಲಿ ಕೂತು ಅಂದುಕೊಂಡಷ್ಟು ಅದು ಮುಗಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಡುಗೆಗೆ ಶುದ್ಧ ಇಂಧನ ಬಳಸುವ ಮನೆಗಳು ದೇಶದಲ್ಲಿ ಶೇ 58.6. ಉಳಿದ ಶೇ 41ರಷ್ಟು ಮನೆಗಳಲ್ಲಿ ಆಗಲೂ ಹೆಚ್ಚಾಗಿ ಕಟ್ಟಿಗೆ, ಬೆರಣಿ, ಕಡ್ಡಿಕಸ. ಗ್ಯಾಸ್ ಇರುವ ಮನೆಗಳಲ್ಲೂ ಸ್ನಾನದ ನೀರಿಗೆ, ಭತ್ತ ಬೇಯಿಸಲು, ಅಡಿಕೆ ಬೇಯಿಸಲು ಕಟ್ಟಿಗೆಯೇ. ಸಿಲಿಂಡರ್ ರೇಟು ಏರಿದ ತಿಂಗಳು ಹಿತ್ತಿಲ ಒಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಈ ಮನೆಗಳಿಗೆಲ್ಲ ಗ್ಯಾಸೋ ಕರೆಂಟೋ ಸಿಗಲೇಬೇಕು. ಸಿಗುವ ತನಕ, ಈ ಮಳೆಗಾಲದಲ್ಲಿ, ಅಲ್ಲಿನ ಕಣ್ಣು ಶ್ವಾಸಕೋಶಗಳಿಗೆ ಆಗುವ ಹಾನಿ ಒಂದಿಷ್ಟಾದರೂ ತಗ್ಗುವುದು ಕಟ್ಟಿಗೆ ನೆಲ ಬಿಟ್ಟು ಕೂತಿದ್ದರೆ ಮಾತ್ರ.

ಇದಕ್ಕೆ ಖರ್ಚಿಲ್ಲ. ನಾಲ್ಕಾರು ಕಲ್ಲು, ಎರಡು ಗಳ, ಗೋಡೆಯಿಂದ ಒಂದು ಗೇಣು ಅಂತರ, ಮೇಲೊಂದು ತಗಡು, ಪಕ್ಕಗಳು ಗಾಳಿಗೆ ತೆರೆದು. ಪೂರ್ತಿ ಟಾರ್ಪಾಲ್ ಸುತ್ತಿ ಕಟ್ಟಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ, ಅದನ್ನು ಮಾಡುವುದು ಬೇಡ.

ಈ ಮೇ ತಿಂಗಳಲ್ಲಿ ಊರಿಗೆ ಹೋದವರು, ವೀಕೆಂಡಿಗೆ ಸಕಲೇಶಪುರದ ಕಡೆ ಜಮೀನು ನೋಡಲು ಹೊರಟವರು, ಹಿತ್ತಿಲಿಗೆ ಒಂದು ಸುತ್ತು ಹಾಕಿ ಬನ್ನಿ. ಬಗ್ಗಿ ನೋಡಿದರೆ ರಾಶಿಯ ಅಡಿಯಿಂದ ಆಚೆ ಕಡೆಯ ಬೆಳಕು ಕಾಣಬೇಕು. ಕಾಣದಿದ್ದರೆ ಯಾರಿಗೂ ಬುದ್ಧಿ ಹೇಳಲು ಹೋಗಬೇಡಿ. ಮೃಗಶಿರಕ್ಕೆ ಇನ್ನೂ ದಿನ ಇದ್ದರೆ, ಮೇಲಿನ ಅಂಗಿ ಬಿಚ್ಚಿಟ್ಟು, ಎರಡು ಕಲ್ಲು ತಂದು ಇಡಿ.